ಅಗೆಯುವ ಯಂತ್ರದ ಹಳೆಯ ವ್ಯಾಧಿ

ಮಲೆನಾಡಿನ ಅಡಕೆ ತೋಟಗಳಲ್ಲಿ ಬಸಿಗಾಲುವೆ ತೋಡುವುದಕ್ಕೆ ಈಗ ಗುದ್ದಲಿ ಹಿಡಿದ ಆಳುಗಳ ಬದಲು ಪಟ್ಟಿಗಳ ಮೇಲೆ ತೆವಳುವ ಪುಟ್ಟ ಯಂತ್ರವೊಂದು ಬರುತ್ತದೆ. ತಯಾರಿಸಿದವರು ಯಾರೇ ಆಗಿರಲಿ, ಜನ ಅದನ್ನು ‘ಮಿನಿ ಹಿಟಾಚಿ’ ಎಂದೇ ಕರೆಯುವುದು ರೂಢಿ. ಹಲವು ಸಾವಿರ ಗಂಟೆ ದುಡಿದು ಮುಪ್ಪಡರಿದ ಅಂತಹ ಒಂದು ಯಂತ್ರವು ಒಂದು ಮುಂಜಾನೆ ಎರಡು ಸಾಲು ಮರಗಳ ನಡುವೆ ನಿಂತು, ಬೂಮ್ ಎಂಬ ತೋಳನ್ನು ತಡೆತಡೆದು ಇಳಿಸುತ್ತ, ಬಕೆಟ್ಟನ್ನು ಥಟ್ಟನೆ ಮಡಿಸುತ್ತ, ಫಲ ಹೊತ್ತ ಮರದ ಬುಡಕ್ಕೆ ಎಲ್ಲಿ ಪೆಟ್ಟು ತಾಗುವುದೋ ಎಂಬ ಭೀತಿಯಲ್ಲಿ ತೋಟದ ಯಜಮಾನರನ್ನು ನಿಲ್ಲಿಸಿದ್ದುದನ್ನು ನಾನು ಕಂಡಿದ್ದೇನೆ. “ಗಾಡಿ ಜರ್ಕ್ ಹೊಡೀತಿದೆ ಗೌಡ್ರೇ, ವಾಲ್ವ್ ಬಿಚ್ಚಬೇಕು” ಎಂದು ಚಾಲಕ ಹೇಳಿದರೆ, ಜೊತೆಗೆ ಬಂದಿದ್ದ ವೃದ್ಧ ಮೆಕ್ಯಾನಿಕ್, “ತಡಿಯೋ ತಮ್ಮ, ಮೊದ್ಲು ಎಣ್ಣೆ ನೋಡಾಣ” ಎಂದು ಟ್ಯಾಂಕಿನ ಮುಚ್ಚಳಕ್ಕೆ ಕೈಹಾಕಿದ.

ಆತ ಶಾಲೆಯಲ್ಲಿ ಓದಿ ಕಲಿತವನಲ್ಲ. ಆದರೂ ಆ ಮಾತಿನ ಹಿಂದೆ ಇನ್ನೂರು ವರ್ಷಗಳ ಚರಿತ್ರೆಯುಂಟು. ಒತ್ತಡಕ್ಕೆ ಸಿಕ್ಕಿದ ದ್ರವದಿಂದ ಭಾರವನ್ನೆತ್ತಿಸುವ ವಿದ್ಯೆಯಲ್ಲಿ ಬಲವನ್ನು ಪಡೆಯುವುದು ಎಂದೂ ಅಷ್ಟು ಕಷ್ಟವಾಗಿರಲಿಲ್ಲ. ಆ ಬಲವನ್ನು ನಯವಾಗಿ, ಕೈ ಬಯಸಿದಷ್ಟೇ ಹರಿಸುವುದೇ ಮೊದಲಿನಿಂದಲೂ ಕಷ್ಟವಾದದ್ದು.

ಮುಚ್ಚಿದ ದ್ರವದ ಒಂದೆಡೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಕುಂದದೆ ಹರಡುತ್ತದೆಂಬ ತತ್ತ್ವವನ್ನು ಫ್ರಾನ್ಸಿನ ಪಾಸ್ಕಲನು 17ನೆಯ ಶತಮಾನದಲ್ಲಿಯೇ ನಿರೂಪಿಸಿದ್ದನು. ಅದನ್ನು ಕಾರ್ಖಾನೆಯ ಕೆಲಸಕ್ಕೆ ಹಚ್ಚಿದವನು ಲಂಡನ್ನಿನ ಬೀಗದ ಕುಶಲಿ ಜೋಸೆಫ್ ಬ್ರಾಮಾ. 1795ರಲ್ಲಿ ಆತ ನೀರಿನ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದನು. ಆದರೆ ಕೊಳವೆಗೂ ಅದರೊಳಗೆ ಏರಿಳಿಯುವ ದಿಂಡಿಗೂ ನಡುವಣ ಸಂದಿಯಲ್ಲಿ ನೀರು ಚಿಮ್ಮುತ್ತಿತ್ತು. ಚಿಮ್ಮದಂತೆ ಬಿಗಿಯಾಗಿ ನಾರು ತುರುಕಿದರೆ, ಒತ್ತಡ ಇಳಿದ ಮೇಲೂ ದಿಂಡು ಕಚ್ಚಿಕೊಂಡೇ ನಿಂತು ಬಿಡುತ್ತಿತ್ತು. ಈ ಇಕ್ಕಟ್ಟನ್ನು ಬಿಡಿಸಿದವನು ಬ್ರಾಮಾನ ಕಾರ್ಯಾಗಾರದಲ್ಲಿದ್ದ ತರುಣ ಹೆನ್ರಿ ಮಾಡ್ಸ್ಲಿ ಎಂದು ಇಂಜಿನಿಯರುಗಳ ಚರಿತ್ರಕಾರರು ಬರೆದಿದ್ದಾರೆ. ಬಟ್ಟಲಿನಂತೆ ಅಂಚು ಮಡಿಸಿದ ಒಂದು ತೊಗಲಿನ ಬಳೆಯನ್ನು, ಅದರ ಟೊಳ್ಳು ನೀರಿನ ಕಡೆಗೆ ಮುಖಮಾಡುವಂತೆ ಕೂರಿಸಲಾಯಿತು. ನೀರು ಎಷ್ಟು ಬಲವಾಗಿ ಒತ್ತುವುದೋ ತೊಗಲಿನ ತುಟಿ ಅಷ್ಟೇ ಬಲವಾಗಿ ದಿಂಡನ್ನು ಅಪ್ಪುವುದು, ಒತ್ತಡ ತೊಲಗಿದೊಡನೆ ಹಿಡಿತವನ್ನು ತಾನಾಗಿಯೇ ಸಡಿಲಿಸುವುದು. ಶತ್ರುವಿನ ಬಲದಿಂದಲೇ ಶತ್ರುವನ್ನು ತಡೆಯುವ ಈ ಯುಕ್ತಿಗಿಂತ ಸುಂದರವಾದುದನ್ನು ಯಂತ್ರವಿದ್ಯೆಯಲ್ಲಿ ನಾನು ಕಂಡಿಲ್ಲ. ಇಂದು ಅಂಗಡಿಯಲ್ಲಿ ‘ಸೀಲ್ ಕಿಟ್’ ಎಂದು ಕೇಳಿದರೆ ಪ್ಲಾಸ್ಟಿಕ್ ಚೀಲದಲ್ಲಿ ಕೊಡುವ ರಬ್ಬರಿನ ಬಳೆಗಳಲ್ಲಿ ತುಟಿಯುಳ್ಳವೆಲ್ಲ ಆ ತೊಗಲಿನ ಸಂತತಿಯೇ.

ಸೋರಿಕೆ ನಿಂತ ಮೇಲೆ ಉಳಿದದ್ದು ಏರುಪೇರು. ವಕೀಲಿ ವೃತ್ತಿಯವನಾಗಿದ್ದ ವಿಲಿಯಂ ಆರ್ಮ್‌ಸ್ಟ್ರಾಂಗ್ 1846ರಲ್ಲಿ ನ್ಯೂಕ್ಯಾಸಲ್ ಬಂದರಿನಲ್ಲಿ ಊರಿನ ನಲ್ಲಿ ನೀರಿನಿಂದಲೇ ನಡೆಯುವ ಕ್ರೇನನ್ನು ನಿಲ್ಲಿಸಿದನು. ಆದರೆ ಒತ್ತಡ ಕೊಡುವಷ್ಟು ಎತ್ತರದಿಂದ ಇಳಿಯುವ ನೀರು ಎಲ್ಲ ಊರಿನಲ್ಲೂ ದೊರೆಯದು. ದೊರೆತರೂ ಒತ್ತಡ ಒಂದೇ ಸಮನೆ ಇರದು. ಹಂಬರ್ ನದಿಯ ತೀರದಲ್ಲಿ ಎತ್ತರದ ಜಲಾಗಾರವನ್ನು ಹೊರಲಾರದಷ್ಟು ಮೆತ್ತನೆಯ ನೆಲ ಎದುರಾದಾಗ, 1850ರ ಸುಮಾರಿಗೆ, ಅಗಾಧ ಭಾರ ಹೇರಿದ ದಿಂಡನ್ನು ನೀರಿನ ಮೇಲೆ ನಿಲ್ಲಿಸಿ, ಪಂಪು ಹೆಚ್ಚು ಕೊಟ್ಟಾಗ ಕೂಡಿಟ್ಟು ಕಡಮೆಯಾದಾಗ ಬಿಟ್ಟುಕೊಡುವ ‘ಅಕ್ಯುಮುಲೇಟರ್’ ಎಂಬ ಸಂಚಯಕವನ್ನು ಆತ ಕಟ್ಟಿದನು. ಅದೇ ಸಂಚಯಕವು, ಭಾರದ ಬದಲು ನೈಟ್ರೋಜನ್ ತುಂಬಿಕೊಂಡು, ಮುಷ್ಟಿಗಾತ್ರಕ್ಕೆ ಕುಗ್ಗಿ, ಇಂದಿನ ಅನೇಕ ಪುಟ್ಟ ಯಂತ್ರಗಳಲ್ಲಿ, ವಾಲ್ವುಗಳನ್ನು ದೂಡುವ ‘ಪೈಲಟ್’ ಎಣ್ಣೆಯ ಮಾರ್ಗದಲ್ಲಿ ಕುಳಿತಿದೆ.

ಆದರೆ ನೀರು ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. 1906ರಲ್ಲಿ ಅಮೆರಿಕದ ‘ವರ್ಜೀನಿಯಾ’ ಯುದ್ಧನೌಕೆಯ ಫಿರಂಗಿಗಳನ್ನು ನಡೆಸುವುದಕ್ಕೆ ಎಣ್ಣೆಯನ್ನು ಬಳಸಿದ ಮೇಲೆ ಈ ವಿದ್ಯೆ ಬೇರೆಯೇ ದಾರಿ ಹಿಡಿಯಿತು. ಎಣ್ಣೆ ತಾನೇ ಜಾರಿಸುವ ದ್ರವ್ಯವಾದುದರಿಂದ, ಉಕ್ಕಿನ ರಂಧ್ರದೊಳಗೆ ಯಾವ ತೊಗಲೂ ಇಲ್ಲದೆ ಓಡಾಡುವ ‘ಸ್ಪೂಲ್’ ಎಂಬ ದಂಡದ ವಾಲ್ವು ಬಳಕೆಗೆ ಬಂದಿತು. ಅದರ ಸುತ್ತಲಿನ ಎಡೆ ಕೂದಲೆಳೆಯ ದಪ್ಪದ ಹತ್ತರಲ್ಲೊಂದು ಪಾಲಿನ ಸುಮಾರು. ಇಷ್ಟು ಸೂಕ್ಷ್ಮತೆಯೊಡನೆ ಹೊಸ ವ್ಯಾಧಿಗಳೂ ಬಂದುವು. ಕಣ್ಣಿಗೆ ಕಾಣದ ಧೂಳು ಆ ಎಡೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಸುಟ್ಟ ಎಣ್ಣೆ ಅರಗಿನಂತೆ ಮೆತ್ತಿಕೊಳ್ಳುತ್ತದೆ. ಇವೆಲ್ಲಕ್ಕಿಂತ ಮೋಸದ್ದು ಗಾಳಿ: ಎಣ್ಣೆ ಬಹುಮಟ್ಟಿಗೆ ಕುಗ್ಗದು, ಗಾಳಿ ಕುಗ್ಗುತ್ತದೆ, ಎಣ್ಣೆಯಲ್ಲಿ ಬೆರೆತ ಗಾಳಿ ಮೊದಲು ಅದುಮಿಕೊಂಡು ಆಮೇಲೆ ಒಮ್ಮೆಗೇ ಹಿಗ್ಗುವುದರಿಂದ ಬೂಮು ತಡೆದು ನೆಗೆಯುತ್ತದೆ.

ಉಕ್ಕಿನ ಹಗ್ಗಗಳಿಂದ ನಡೆಯುತ್ತಿದ್ದ ಅಗೆಯುವ ಯಂತ್ರಕ್ಕೆ ಈ ಎಣ್ಣೆಯ ಸ್ನಾಯು ಬಂದದ್ದು ಎರಡನೆಯ ಮಹಾಯುದ್ಧದ ತರುವಾಯ. 1954ರಲ್ಲಿ ಜರ್ಮನಿಯ ಡೆಮಾಗ್ ಸಂಸ್ಥೆಯ ಯಂತ್ರವು ಸುತ್ತಲೂ ತಿರುಗುತ್ತ ಸಂಪೂರ್ಣವಾಗಿ ಎಣ್ಣೆಯಿಂದಲೇ ನಡೆಯಿತು. ಅದನ್ನು ಪುಟ್ಟದಾಗಿಸಿದ ಕೀರ್ತಿ ಜಪಾನಿನದು. ಇಕ್ಕಟ್ಟಾದ ಓಣಿಗಳ ಆ ದೇಶದಲ್ಲಿ ಯಾನ್ಮಾರ್ ಸಂಸ್ಥೆ 1968ರಲ್ಲಿಯೂ, ಮನೆಗಳ ಅಡಿಪಾಯ ತೋಡುವವರ ಬೇಡಿಕೆಯನ್ನು ಕೇಳಿ ನಾಗಾನೋ ಪ್ರಾಂತದ ಟಾಕೆಯುಚಿ ಸಂಸ್ಥೆ 1971ರಲ್ಲಿಯೂ ಇಂತಹವನ್ನು ಹೊರತಂದುವು.

ಹಳೆಯ ಪುಟ್ಟ ಯಂತ್ರಗಳಲ್ಲಿ ಲಿವರಿನಿಂದ ಸ್ಪೂಲಿಗೆ ಕಬ್ಬಿಣದ ಸರಳುಗಳೇ ಹೋಗುತ್ತವೆ. ಅವುಗಳ ಪಿನ್ನು ಸವೆದರೆ ಕೈ ಅಲುಗಿದರೂ ಸ್ಪೂಲು ಅಲುಗದು, ಅಲುಗಿದಾಗ ಅತಿಯಾಗಿ ಅಲುಗುವುದು. ಯಂತ್ರ ಕುಲುಕಿದಾಗ ಚಾಲಕನ ಮೈ ಕುಲುಕಿ, ಆ ಕುಲುಕು ಕೈಯ ಮೂಲಕ ಮತ್ತೆ ಲಿವರಿಗೇ ಸೇರಿ ಇಮ್ಮಡಿಸುವುದು. ಮುಂದೆ ಬಂದ ಯಂತ್ರಗಳಲ್ಲಿ ಸರಳಿನ ಬದಲು 30-40 ಬಾರ್ ಒತ್ತಡದ ಪೈಲಟ್ ಎಣ್ಣೆ ಸ್ಪೂಲನ್ನು ದೂಡುತ್ತದೆ. ಅದರ ಪುಟ್ಟ ಫಿಲ್ಟರು ಎಲ್ಲಿದೆಯೆಂಬುದನ್ನೇ ಎಷ್ಟೋ ಮಾಲೀಕರು ಅರಿಯರು. ಬಲ್ಲ ಮೆಕ್ಯಾನಿಕ್ ಮೊದಲು ಕೇಳತಕ್ಕ ಪ್ರಶ್ನೆ ಒಂದೇ: ಒಂದು ಚಲನೆ ಮಾತ್ರ ಕುಲುಕುತ್ತದೆಯೋ, ಎಲ್ಲವೂ ಕುಲುಕುತ್ತವೆಯೋ? ಒಂದೇ ಆದರೆ ದೋಷ ಅದರ ಸ್ಪೂಲು, ಸರಳು, ಸಿಲಿಂಡರುಗಳಲ್ಲಿ. ಎಲ್ಲವೂ ಆದರೆ ಎಲ್ಲಕ್ಕೂ ಸಮಾನವಾದ ಎಣ್ಣೆ, ಫಿಲ್ಟರು, ಪಂಪು, ಪೈಲಟ್ ಒತ್ತಡಗಳಲ್ಲಿ. ಈ ವಿವೇಚನೆ ಮಾಡದೆ ತೋಟದ ಧೂಳಿನಲ್ಲಿ ವಾಲ್ವನ್ನು ಬಿಚ್ಚುವುದು ಯಂತ್ರಕ್ಕೆ ಮಾಡುವ ದ್ರೋಹವೆಂದೇ ನನ್ನ ಭಾವನೆ.

ಆ ಮುಂಜಾನೆ ಟ್ಯಾಂಕಿನಲ್ಲಿ ಎಣ್ಣೆ ಕಡೆದ ಮಜ್ಜಿಗೆಯಂತೆ ನೊರೆಯಾಗಿತ್ತು. ಮೆಕ್ಯಾನಿಕ್ ಇಂಜಿನ್ನನ್ನು ನಡೆಸಿಯೇ, ಟ್ಯಾಂಕಿನಿಂದ ಪಂಪಿಗೆ ಹೋಗುವ ಹೋಸಿನ ಜೋಡಣೆಗಳಿಗೆ ಬೆರಳಿನಿಂದ ದಪ್ಪನಾಗಿ ಗ್ರೀಸು ಮೆತ್ತುತ್ತ ಹೋದ. ಎರಡನೆಯ ಜೋಡಣೆಗೆ ಮೆತ್ತಿದ ಸ್ವಲ್ಪ ಹೊತ್ತಿಗೆ ಪಂಪಿನ ನರಳಾಟ ತಗ್ಗಿ ಬೂಮು ನಯವಾಯಿತು. ಗಾಳಿ ಹೊಗುತ್ತಿದ್ದ ಎಡೆ ಅದೇ. ವಾಲ್ವನ್ನು ಯಾರೂ ಮುಟ್ಟಲಿಲ್ಲ. ಒಂದು ಮೊಳ ಹೋಸ್, ಎರಡು ಕ್ಲಿಪ್ಪು ಬದಲಾಯಿಸಿದ್ದಾಯಿತು, ಸಂಜೆಯ ಹೊತ್ತಿಗೆ ಕಾಲುವೆ ತೋಟದ ಕೊನೆ ಮುಟ್ಟಿತ್ತು.