ಜಿ-9 ಒಳಗಿನ ‘ಒಂಬತ್ತು’ ಎಲ್ಲಿಂದ ಬಂತು?

ಇವತ್ತಿನ ಬರಹ ಸ್ವಲ್ಪ ಉದ್ದ ಐತಿ. ಮೋಟರ್ ಚಾಲೂ ಮಾಡಿ ಬದುವಿನ ಮ್ಯಾಲೆ ಕುಂತಾಗ ಓದ್ರಿ.

ಮೊನ್ನೆ ತಿಕೋಟಾದಾಗ ಚಹಾ ಕುಡಿಯೂ ಮುಂದ ಒಬ್ಬ ಹುಡುಗ ಕೇಳಿದ: “ಕಾಕಾ, ಜಿ-9 ಬಾಳಿ ಅಂತೀರಲ್ಲ, ಜಿ-8, ಜಿ-7 ಎಲ್ಲಿ ಅದಾವು?” ಎಲ್ಲಾರೂ ನಕ್ಕಿವಿ. ಆದ್ರ ಖರೇ ಉತ್ತರ ಯಾರ ಹತ್ರನೂ ಇರಲಿಲ್ಲ. ಮನಿಗೆ ಬಂದು ಹುಡುಕಿದೆ. ಹುಡುಕಿದಷ್ಟೂ ದೊಡ್ಡ ಕಥಿ ಬಿಚ್ಚಿಕೊಂತು.

ಮೊದಲನೇ ಮಾತು: ಆ ಹೆಸರಿನಾಗ ಒಂಬತ್ತು ಇಲ್ಲವೇ ಇಲ್ಲ. ಮೂಲ ಹೆಸರು ಫ್ರೆಂಚ್ ಭಾಷೆಯದು, ‘ಗ್ರಾಂದ್ ನೇನ್’. ಗ್ರಾಂದ್ ಅಂದ್ರ ದೊಡ್ಡ, ನೇನ್ ಅಂದ್ರ ಕುಳ್ಳಿ. ಕುಳ್ಳ ಬಾಳಿಗಳ ಪೈಕಿ ಸ್ವಲ್ಪ ಎತ್ತರದ್ದು ಅಂತ ‘ದೊಡ್ಡ ಕುಳ್ಳಿ’ ಅಂದರು. ಆ ಫ್ರೆಂಚ್ ಅಕ್ಷರಗಳನ್ನ ನಾವು ಇಂಗ್ಲಿಷ್ ಥರ ಓದಿ ‘ನೈನ್’ ಅಂದಿವಿ, ಆಮ್ಯಾಲೆ ‘ನೈನ್’ ಹೋಗಿ ಅಂಕಿ 9 ಆತು. ಸ್ಪ್ಯಾನಿಷ್ ಮಾತಾಡೋ ದೇಶದವರು ಹಂಗ ಮಾಡಲಿಲ್ಲ. ಅರ್ಥ ತಿಳಕೊಂಡು ತಮ್ಮ ಭಾಷೆಗೇ ತಿರುಗಿಸಿ ‘ಗ್ರಾನ್ ಎನಾನೊ’ ಅಂತ ಕರೆದರು. ಅದರರ್ಥವೂ ದೊಡ್ಡ ಕುಳ್ಳನೇ.

ಈ ಜಿ-9 ‘ಕ್ಯಾವೆಂಡಿಶ್’ ಕುಟುಂಬದ ಬಾಳಿ. ಕ್ಯಾವೆಂಡಿಶ್ ಅನ್ನೂದು ಊರಿನ ಹೆಸರಲ್ಲ, ಇಂಗ್ಲೆಂಡಿನ ಒಬ್ಬ ಸಾಹುಕಾರನ ಮನೆತನದ ಅಡ್ಡಹೆಸರು. 1830ರ ದಶಕದಾಗ ಅವನ ಗಾಜಿನ ಮನೆಯೊಳಗ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಈ ಗಿಡ ಬೆಳೆಸಿ, ಧಣಿಯ ಹೆಸರು ಇಟ್ಟ. ಗಿಡದ ಮೂಲ ನಮ್ಮ ಏಷ್ಯಾ ಕಡೆದು. ಬೆಳೆದವರು ಏಷ್ಯಾದ ರೈತರು, ಹೆಸರು ಮಾತ್ರ ಸಾಹುಕಾರಂದು!

ಬಾಳಿ ದೇಶ ಸುತ್ತಿದಂಗ ಹೆಸರೂ ಸುತ್ತ್ಯಾವು. ಗೋವಾ 1510ರ ತನಕ ನಮ್ಮ ವಿಜಯಪುರದ ಆದಿಲ್‌ಶಾಹಿಗೆ ಸೇರಿತ್ತು. ಆಮೇಲೆ ಪೋರ್ಚುಗೀಸರ ಪಾಲಾಯಿತು. ಅಲ್ಲಿದ್ದ ಗಾರ್ಸಿಯಾ ದ ಓರ್ತ ಎಂಬ ವೈದ್ಯ ಇಲ್ಲಿನ ಔಷಧಿ, ಗಿಡ, ಹಣ್ಣುಗಳ ಬಗ್ಗೆ ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಆ ಕಾಲದ ಪೋರ್ಚುಗೀಸರು ಬಾಳೆಹಣ್ಣಿಗೆ ‘ಇಂಡಿಯಾದ ಅಂಜೂರ’ ಅಂತಿದ್ದರು. ಕಣ್ಣಿಗೆ ಹೊಸಾದು ಬಿದ್ದರ, ಗೊತ್ತಿದ್ದ ಹಣ್ಣಿನ ಹೆಸರು ಹಚ್ಚೂದು ಮನುಷ್ಯಾನ ರೂಢಿ.

ಅಮೆರಿಕ ಖಂಡದಾಗ ಮೊದಲು ಬಾಳಿ ಇರಲೇ ಇಲ್ಲ. 1516ರಲ್ಲಿ ತೋಮಾಸ್ ದೆ ಬೆರ್ಲಾಂಗಾ ಎಂಬ ಸ್ಪೇನ್ ದೇಶದ ಪಾದ್ರಿ ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್ ಸಮುದ್ರದ ನಡುಗಡ್ಡೆಗೆ ಬಾಳಿ ಒಯ್ದ ಅಂತ ದಾಖಲೆ ಐತಿ. ಮುಂದ ಒಂದೊಂದು ದೇಶದವರು ಒಂದೊಂದು ಹೆಸರು ಇಟ್ಟುಕೊಂಡರು. ಡೊಮಿನಿಕನ್ ಗಣರಾಜ್ಯದಾಗ ಹಣ್ಣು ತಿನ್ನೂ ಬಾಳಿಗೆ ‘ಗಿನೇಯೊ’ ಅಂತಾರ, ಅಂದ್ರ ಆಫ್ರಿಕಾದ ಗಿನಿ ಸೀಮೆಯಿಂದ ಬಂದದ್ದು. ವೆನೆಜುವೆಲಾದಾಗ ಅದು ‘ಕಂಬೂರ್’. ತಮಾಷೆ ಅಂದ್ರ, ಅಲ್ಲಿ ಆಡುಮಾತಿನಾಗ ಸರ್ಕಾರಿ ನೌಕರಿಗೂ ‘ಕಂಬೂರ್’ ಅಂತಾರ! ‘ಪ್ಲಾತನೊ’ ಅಂದ್ರ ಸ್ಪೇನ್‌ದಾಗ ಸುಲಿದು ತಿನ್ನೂ ಹಣ್ಣು, ಕೆರಿಬಿಯನ್ ಕಡೆ ಬೇಯಿಸಿ ತಿನ್ನೂ ಕಾಯಿ. ಅದೇ ಕಾಯಿಯನ್ನ ಹೋಳು ಮಾಡಿ, ಕರಿದು, ಒತ್ತಿ ಚಪ್ಪಟೆ ಮಾಡಿ, ಮತ್ತ ಕರೀತಾರ. ಕೊಲಂಬಿಯಾದಾಗ ಅದಕ್ಕ ‘ಪತಕೋನ್’, ಪೋರ್ಟೊ ರಿಕೊದಾಗ ‘ತೋಸ್ತೋನ್’. ಕುದಿಸಿ ಮುದ್ದಿ ಮಾಡಿದರ ಡೊಮಿನಿಕನ್ನರ ಮುಂಜಾನೆಯ ನಾಷ್ಟಾ ‘ಮಂಗು’.

ಇದನ್ನ ಓದಿ ನಮ್ಮ ಮಾತೇನು ಬಡವಲ್ಲ ಅನಿಸ್ತು. ‘ಬಾಳೆ’ ನಮ್ಮ ದ್ರಾವಿಡ ಶಬ್ದ, ತಮಿಳರ ‘ವಾಳೈ’ಗೆ ಅಕ್ಕ-ತಂಗಿ. ಶರಣರ ಮಾತಿನಾಗ, ಅಕ್ಕಮಹಾದೇವಿ ಹೋದ ಶ್ರೀಶೈಲದ ಬನದ ಹೆಸರಿನಾಗ ‘ಕದಳಿ’ ಐತಿ. ಅದು ಸಂಸ್ಕೃತದ್ದು. ಅದರಿಂದಲೇ ಮರಾಠಿಯ ‘ಕೇಳ’ ಬಂತು. ಗೊನೆಯೊಳಗಿನ ಒಂದು ಸಾಲಿಗೆ ಸ್ಪ್ಯಾನಿಷ್‌ನವರು ‘ಕೈ’ ಅಂತಾರ, ಒಂದೊಂದು ಹಣ್ಣಿಗೆ ‘ಬೆರಳು’. ಮರಾಠಿಯವರಿಗೆ ಅದು ‘ಫಣಿ’, ನಮಗ ಹಣಿಗಿ, ಅಂದ್ರ ತಲಿ ಬಾಚೂ ಹಣಿಗಿ. ಮೈಸೂರು ಕಡೆ ‘ಚಿಪ್ಪು’. ಬುಡದಾಗ ಒಡೆಯೋದಕ್ಕ ಅವರು ‘ಮಗ’ ಅಂತಾರ, ನಾವು ‘ಮರಿ’. ಗಿಡ ಮಾತ್ರ ಎರಡೂ ಕಡೆ ತಾಯಿನೇ. ಅಡಿಗಿ ಮನ್ಯಾಗೂ ಹಂಗ: ಹಣ್ಣು, ಹಾಲು, ಸಕ್ಕರಿ ಕಿವುಚಿ ಚಪಾತಿಗೆ ಹಚ್ಚಿಕೊಂಡ್ರ ನಮಗ ಸೀಕರಣಿ, ಮೈಸೂರು ಕಡೆ ಕಾಯಿತುರಿ, ಬೆಲ್ಲ ಬಿದ್ದರ ರಸಾಯನ, ಮಂಗಳೂರಿನಾಗ ಅದೇ ಹಣ್ಣು ಹಿಟ್ಟಿನೊಳಗ ಕಲೆತು ಎಣ್ಣಿಗೆ ಬಿದ್ದರ ಬನ್ಸ್.

ಈಗ ಅಸಲಿ ವಿಷಯಕ್ಕ ಬರ್ತೀನಿ.

ಸ್ಪ್ಯಾನಿಷ್ ದೇಶಗಳ ಅಡಿಗಿ ಮನ್ಯಾಗ ಹೆಸರು ಬಾಳ ಇದ್ದವು, ಆದ್ರ ಪರದೇಶಕ್ಕ ಕಳಿಸೂ ದೊಡ್ಡ ತೋಟಗಳೊಳಗ ಒಂದೇ ಜಾತಿ ಇತ್ತು. ಅದರ ಹೆಸರು ‘ಗ್ರೋ ಮಿಶೆಲ್’. ಹೊಂಡುರಾಸ್, ಗ್ವಾಟೆಮಾಲಾ, ಕೋಸ್ಟರಿಕಾದಾಗ ಕಣ್ಣು ಹಾಯುವಷ್ಟು ದೂರ ಅದೊಂದೇ. ಬಾಳಿ ಬೀಜದಿಂದ ಹುಟ್ಟೂದಿಲ್ಲ, ತಾಯಿಯ ಬುಡದಿಂದ ಬಂದ ಮರಿ ತಾಯಿಯ ತದ್ರೂಪ. ಹಿಂಗಾಗಿ ಸಾವಿರ ಎಕರೆ ಇದ್ದರೂ ಲೆಕ್ಕಕ್ಕ ಒಂದೇ ಗಿಡ. ಮಣ್ಣಿನ ಶಿಲೀಂಧ್ರದಿಂದ ಬರೋ ಪನಾಮಾ ಸೊರಗು ರೋಗ ಹೊಕ್ಕಾಗ, ಒಂದಕ್ಕ ಬಂದದ್ದು ಎಲ್ಲದಕ್ಕೂ ಬಂತು. 1960ರ ದಶಕದ ಹೊತ್ತಿಗೆ ವ್ಯಾಪಾರದಿಂದ ಗ್ರೋ ಮಿಶೆಲ್ ಹೆಚ್ಚುಕಡಿಮೆ ಮಾಯ ಆತು. ಆ ರೋಗ ತಡಕೊಂಡದ್ದು ಕ್ಯಾವೆಂಡಿಶ್. ಹಂಗಾಗಿ ಇವತ್ತು ಲೋಕದ ತುಂಬ ಅದೇ.

ನಮ್ಮ ರಾಜ್ಯದಾಗೂ ಇದು ಆಗೇತಿ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತು ಸಿಕ್ಕಿತು, ಆದ್ರ ಸೊರಗು ರೋಗದಿಂದ ತೋಟ ಕರಗಿದವು. ಹೆಸರು ಉಳೀತು, ಬಾಳಿ ಹುಡುಕಬೇಕಾತು.

ಈಗ ಆ ಶಿಲೀಂಧ್ರದ ಹೊಸ ತಳಿ ಬಂದೈತಿ, ಟಿಆರ್-4 ಅಂತಾರ. ಇದು ಕ್ಯಾವೆಂಡಿಶ್‌ನೂ ಬಿಡೂದಿಲ್ಲ. 2019ರಲ್ಲಿ ಕೊಲಂಬಿಯಾಕ್ಕೂ ಮುಟ್ಟಿತು. ನಮ್ಮ ದೇಶದೊಳಗ ಬಿಹಾರ, ಉತ್ತರ ಪ್ರದೇಶದ ಜಿ-9 ತೋಟಗಳಿಗೆ ಪೆಟ್ಟು ಕೊಟ್ಟೈತಿ. ಒಮ್ಮೆ ಹೊಕ್ಕರ ಹತ್ತಾರು ವರ್ಷ ಮಣ್ಣಿನಾಗ ಕುಂದರ್ತದ, ಔಷಧಿ ಹೊಡೆದು ತೆಗೆಯೂಹಂಗಿಲ್ಲ.

ಇತ್ತ ನಮ್ಮ ಕಡೆ ನೋಡ್ರಿ. ತಿಕೋಟಾದ ಯಾವ ದ್ರಾಕ್ಷಿ ರೈತನ್ನ ಕೇಳಿದ್ರೂ ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್ ಅಂತ ಪಟಪಟ ಹೇಳ್ತಾನ, ಯಾವುದು ಮಣೂಕಕ್ಕ, ಯಾವುದು ಪೇಟಿಗೆ ಅಂತಾನೂ ಹೇಳ್ತಾನ. ಬಬಲೇಶ್ವರ ಕಡೆ ಕೃಷ್ಣೆಯ ನೀರು ಬಂದ ಮ್ಯಾಲೆ ಬಾಳಿ ಹಚ್ಚಿದವರನ್ನ ‘ಯಾವ ಬಾಳಿ?’ ಅಂತ ಕೇಳಿದ್ರ ಒಂದೇ ಉತ್ತರ: ಜಿ-9. ಉಳಿದದ್ದೆಲ್ಲ ‘ಜವಾರಿ’ ಎಂಬ ಒಂದೇ ಚೀಲದಾಗ. ಆ ಚೀಲದಾಗ ರಾಜಾಪುರಿ ಐತಿ: ಕುಳ್ಳ, ದಪ್ಪ ದಿಂಡು, ನಮ್ಮ ಬಿರುಗಾಳಿಗೆ ಲಗೂನ ಬೀಳೂದಿಲ್ಲ. ಅಮೆರಿಕದ ಫ್ಲೋರಿಡಾದ ನರ್ಸರಿಯವರು ಅದನ್ನ ‘ರಾಜಾಪುರಿ’ ಅಂತ ನಮ್ಮ ಹೆಸರಿನಿಂದಲೇ ಮಾರ್ತಾರ. ನಾವು ಮಾತ್ರ ಹೆಸರು ಬಿಟ್ಟಿವಿ.

ಜಿ-9 ಹಚ್ಚಬ್ಯಾಡ್ರಿ ಅಂತ ನಾ ಹೇಳೂದಿಲ್ಲ. ತೂಕ ಬರ್ತದ, ಪೇಟಿ ಐತಿ, ಸಾಲ ತೀರಬೇಕು. ಆದ್ರ ಮೂರು ಮಾತು. ಒಂದು, ಗೊತ್ತಿಲ್ಲದ ತೋಟದ ಮರಿ, ಮಣ್ಣು ಹತ್ತಿದ ಸಲಿಕಿ, ಟ್ರ್ಯಾಕ್ಟರ್ ಗಾಲಿ ನೇರ ನಿಮ್ಮ ಹೊಲಕ್ಕ ಬಿಡಬ್ಯಾಡ್ರಿ, ತೊಳೀರಿ. ಎರಡು, ಬದುವಿನ ಮ್ಯಾಲೆ ಹತ್ತು ಬುಡ ರಾಜಾಪುರಿನೋ, ಏಲಕ್ಕಿ ಬಾಳಿನೋ ಇರಲಿ, ಮನಿಗೂ ಆಗ್ತದ. ಮೂರು, ಮನ್ಯಾಗ ಹಿರ್ಯಾರಿದ್ದರ ಕೇಳ್ರಿ: ಹಿಂದ ಬಾವಿ ದಂಡಿಗೆ ಇದ್ದ ಬಾಳಿಗೆ ಏನಂತಿದ್ದರು? ಹಣ್ಣಿಗೋ, ಪಲ್ಯಕ್ಕೋ, ಎಲಿಗೋ?

ಹೆಸರು ಬ್ಯಾರೆ ಇದ್ದಾಗ ಗಿಡ ಬ್ಯಾರೆ ಐತಿ ಅನ್ನೂದು ನೆನಪಿರ್ತದ. ಎಲ್ಲಕ್ಕೂ ಒಂದೇ ಹೆಸರು ಆದ ಮ್ಯಾಲೆ, ಸೀಮಿ ತುಂಬ ಒಂದೇ ಗಿಡ ನಿಂತೈತಿ ಅನ್ನೂದು ರೋಗ ಬಂದಾಗಲೇ ಗೊತ್ತಾಗೂದು. ಆ ಹುಡುಗನ ಪ್ರಶ್ನಿ ಚಲೋ ಇತ್ತು. ಒಂಬತ್ತೂ ಇಲ್ಲ, ಎಂಟೂ ಇಲ್ಲ. ಒಂದೇ ಐತಿ, ಅದೇ ಚಿಂತಿ.

ನಿಮ್ಮ ಊರಿನ ಹಳೇ ಬಾಳಿ ಹೆಸರು ಇದ್ದರ ಕೆಳಗ ಬರೀರಿ. ಮರಿ ಇದ್ದರ ಇನ್ನೂ ಚಲೋ, ನಾನ ಬಂದು ಒಯ್ತೀನಿ, ಸಲಿಕಿ ತೊಳಕೊಂಡೇ ಬರ್ತೀನಿ.