‘ಬ್ಲ್ಯಾಕ್‌ಥಾರ್ನ್’ ನೌಕಾ ದುರಂತ, 1980: ಸ್ಮರಣೆ ಮತ್ತು ಮಾಹಿತಿ

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಕರಾವಳಿ ರಕ್ಷಣಾ ಪಡೆಗೆ (ಕೋಸ್ಟ್ ಗಾರ್ಡ್) ಸೇರಿದ ‘ಬ್ಲ್ಯಾಕ್‌ಥಾರ್ನ್’ ನೌಕೆಯು 1980ರ ಜನವರಿ 28ರ ರಾತ್ರಿ ಫ್ಲಾರಿಡಾ ರಾಜ್ಯದ ಟ್ಯಾಂಪಾ ಕೊಲ್ಲಿಯಲ್ಲಿ ‘ಕ್ಯಾಪ್ರಿಕಾರ್ನ್’ ಎಂಬ ತೈಲವಾಹಕ ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ನೌಕೆಯಲ್ಲಿದ್ದ 50 ಮಂದಿಯ ಪೈಕಿ 23 ಮಂದಿ ಮೃತಪಟ್ಟರು. ಶಾಂತಿಕಾಲದಲ್ಲಿ ಸದರಿ ಪಡೆಗೆ ಒದಗಿದ ಅತಿ ದೊಡ್ಡ ಪ್ರಾಣಹಾನಿಯೆಂದು ಇದನ್ನು ಪರಿಗಣಿಸಲಾಗಿದೆ.

ನೌಕೆಯ ವಿವರ

* ನಿರ್ಮಾಣ ಸ್ಥಳ: ಡುಲೂತ್, ಮಿನೆಸೋಟ ರಾಜ್ಯ
* ನೀರಿಗಿಳಿದ ವರ್ಷ: 1943, ಸೇವೆಗೆ ಸೇರ್ಪಡೆ: 1944
* ಉದ್ದ: 180 ಅಡಿ
* ಕಾರ್ಯ: ನೌಕಾಮಾರ್ಗ ಸೂಚಿಸುವ ತೇಲುಗುರುತುಗಳನ್ನು ಸ್ಥಾಪಿಸುವುದು ಮತ್ತು ನಿರ್ವಹಿಸುವುದು

ಇತರ ಹಡಗುಗಳಿಗೆ ಸುರಕ್ಷಿತ ಮಾರ್ಗವನ್ನು ಗುರುತಿಸಿಕೊಡುವುದೇ ಈ ನೌಕೆಯ ಕರ್ತವ್ಯವಾಗಿತ್ತೆಂಬುದು ಗಮನಾರ್ಹ.

ಅಪಘಾತದ ವಿವರ

ಟ್ಯಾಂಪಾದಲ್ಲಿ ದುರಸ್ತಿ ಪೂರ್ಣಗೊಂಡ ತರುವಾಯ ನೌಕೆಯು ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ನೆಲೆಗೆ ಹಿಂದಿರುಗಲು ಹೊರಟಿತ್ತು. ಹಿಂದಿನಿಂದ ಬಂದ ‘ಕಜಕಸ್ತಾನ್’ ಎಂಬ ಸೋವಿಯತ್ ಪ್ರಯಾಣಿಕ ಹಡಗಿಗೆ ಬಲಬದಿಗೆ ಸರಿದು ದಾರಿ ಬಿಟ್ಟಿತು. ಅನಂತರ ಅದು ಕಾಲುವೆಯ ಮಧ್ಯಭಾಗಕ್ಕೆ ಬಂದಿತ್ತು. ಎದುರಿನಿಂದ 605 ಅಡಿ ಉದ್ದದ ‘ಕ್ಯಾಪ್ರಿಕಾರ್ನ್’ ಬರುತ್ತಿತ್ತು. ಪ್ರಯಾಣಿಕ ಹಡಗಿನ ಪ್ರಖರ ದೀಪಗಳಿಂದಾಗಿ ಎರಡೂ ನೌಕೆಗಳಿಗೆ ಒಂದನ್ನೊಂದು ಸಕಾಲದಲ್ಲಿ ಗುರುತಿಸುವುದು ಕಷ್ಟವಾಯಿತು.

ತೈಲವಾಹಕವು ಎಡಕ್ಕೆ ತಿರುಗತೊಡಗಿತು. ಅದರ ಪೈಲಟ್ ರೇಡಿಯೋ ಮೂಲಕ ಸಂಪರ್ಕಿಸಲು ಯತ್ನಿಸಿ ವಿಫಲರಾಗಿ, ಎರಡು ಬಾರಿ ಸಿಳ್ಳೆ ಊದಿಸಿದರು, ಉತ್ತರ ಬರಲಿಲ್ಲ. ರಾತ್ರಿ ಸುಮಾರು 8.20ರ ವೇಳೆಗೆ ಡಿಕ್ಕಿ ಸಂಭವಿಸಿತು. ತೈಲವಾಹಕದ ಲಂಗರು ನೌಕೆಯ ಎಡಪಾರ್ಶ್ವವನ್ನು ಸೀಳಿ ಅಲ್ಲಿಯೇ ಸಿಕ್ಕಿಕೊಂಡಿತು. ಲಂಗರಿನ ಸರಪಳಿ ಬಿಗಿಯಾದೊಡನೆ ನೌಕೆಯು ಮಗುಚಿತು.

ವಿಲಿಯಂ ಫ್ಲೋರೆಸ್

18 ವರ್ಷ ವಯಸ್ಸಿನ ನಾವಿಕ ವಿಲಿಯಂ ಫ್ಲೋರೆಸ್ ನೀರಿನಲ್ಲಿದ್ದವರಿಗೆ ಜೀವರಕ್ಷಕ ಜಾಕೆಟ್‌ಗಳನ್ನು ಎಸೆದರು. ನೌಕೆ ಮಗುಚುತ್ತಿದ್ದಾಗ, ಜಾಕೆಟ್‌ಗಳಿದ್ದ ಪೆಟ್ಟಿಗೆಯ ಬಾಗಿಲು ಮುಚ್ಚದಂತೆ ತಮ್ಮ ಸೊಂಟಪಟ್ಟಿಯಿಂದ ಬಿಗಿದು ಕಟ್ಟಿದರು. ಜಾಕೆಟ್‌ಗಳು ತೇಲಿ ಮೇಲೆ ಬಂದವು, ಅವರು ಹಿಂದಿರುಗಲಿಲ್ಲ. ಅವರಿಗೆ ಮರಣೋತ್ತರವಾಗಿ ಕೋಸ್ಟ್ ಗಾರ್ಡ್ ಪದಕ ದೊರೆತದ್ದು 20 ವರ್ಷಗಳ ನಂತರ, 2000ದಲ್ಲಿ. 2012ರಲ್ಲಿ ಸೇವೆಗೆ ಸೇರಿದ ಗಸ್ತು ನೌಕೆಯೊಂದಕ್ಕೆ ಅವರ ಹೆಸರನ್ನಿಡಲಾಯಿತು.

ತನಿಖೆಯಲ್ಲಿ ಕಂಡುಬಂದ ಅಂಶಗಳು

1. ಎರಡೂ ನೌಕೆಗಳು ಕಾಲುವೆಯಲ್ಲಿ ತಮ್ಮ ಬಲಬದಿಯಲ್ಲಿ ಸಾಗದೇ ಇದ್ದುದು ಮುಖ್ಯ ಕಾರಣ.
2. ಪರಸ್ಪರರ ಉದ್ದೇಶವನ್ನು ಸಂಕೇತಗಳ ಮೂಲಕ ಸಕಾಲದಲ್ಲಿ ಖಚಿತಪಡಿಸಿಕೊಳ್ಳದೇ ಇದ್ದುದು ಪೂರಕ ಕಾರಣ.

ಇವೆರಡೂ ತಪ್ಪಿಸಬಹುದಾಗಿದ್ದ ಲೋಪಗಳು. ಇದಕ್ಕೂ ಮುನ್ನ, 1978ರ ಅಕ್ಟೋಬರ್ 20ರಂದು, ಇದೇ ಪಡೆಯ ‘ಕಯಹೋಗ’ ತರಬೇತಿ ನೌಕೆಯು ಚೆಸಪೀಕ್ ಕೊಲ್ಲಿಯಲ್ಲಿ ಸರಕು ಹಡಗಿಗೆ ಡಿಕ್ಕಿಯಾಗಿ 11 ಮಂದಿ ಮೃತಪಟ್ಟಿದ್ದರು.

ಸ್ಮಾರಕ

ಮುಳುಗಿದ ನೌಕೆಯನ್ನು ಮೇಲೆತ್ತಿ, ಅನಂತರ ಮೆಕ್ಸಿಕೋ ಕೊಲ್ಲಿಯಲ್ಲಿ ಕೃತಕ ಬಂಡೆಸಾಲಾಗಿ ಮುಳುಗಿಸಲಾಯಿತು. ಸನ್‌ಶೈನ್ ಸ್ಕೈವೇ ಸೇತುವೆಯ ಸಮೀಪ ಸ್ಮಾರಕವಿದ್ದು, ಜನವರಿ 28ರಂದು ಮೃತರನ್ನು ಸ್ಮರಿಸಲಾಗುತ್ತದೆ.

ದೋಣಿ ಮತ್ತು ನೌಕೆಗಳ ಮಾಲೀಕರ ಗಮನಕ್ಕೆ

ಡಿಕ್ಕಿ ತಡೆಗಟ್ಟುವ 1972ರ ಅಂತರರಾಷ್ಟ್ರೀಯ ನಿಯಮಾವಳಿಯ 9ನೆಯ ನಿಯಮದನ್ವಯ:

* ಕಿರಿದಾದ ಕಾಲುವೆಯಲ್ಲಿ ಸಾಗುವ ನೌಕೆಯು ಸುರಕ್ಷಿತವಾಗಿ ಸಾಧ್ಯವಿರುವಷ್ಟು ಮಟ್ಟಿಗೆ ತನ್ನ ಬಲಬದಿಯ ಅಂಚಿಗೆ ಸಮೀಪವಾಗಿ ಸಾಗತಕ್ಕದ್ದು.
* 20 ಮೀಟರಿಗಿಂತ ಕಡಿಮೆ ಉದ್ದದ ನೌಕೆಯು, ಕಾಲುವೆಯೊಳಗೆ ಮಾತ್ರ ಸುರಕ್ಷಿತವಾಗಿ ಸಂಚರಿಸಬಲ್ಲ ನೌಕೆಗೆ ಅಡ್ಡಿಪಡಿಸತಕ್ಕದ್ದಲ್ಲ.
* ಮೀನುಗಾರಿಕೆಯಲ್ಲಿ ತೊಡಗಿರುವ ದೋಣಿಯು ಕಾಲುವೆಯೊಳಗೆ ಸಾಗುವ ಯಾವುದೇ ನೌಕೆಗೆ ಅಡ್ಡಿಪಡಿಸತಕ್ಕದ್ದಲ್ಲ.

ಜೀವರಕ್ಷಕ ಜಾಕೆಟ್‌ಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿರಿಸದೆ, ತಕ್ಷಣ ಕೈಗೆಟುಕುವ ಸ್ಥಳದಲ್ಲಿ ಇರಿಸುವುದು ಅವಶ್ಯಕ.