ಕಾಣದ ಹೊಗೆಯ ಕಟ್ಟಳೆ: ಹಡಗಿನ ಡೀಸೆಲ್ ಎಂಜಿನ್ನು ಮತ್ತು ಸಾರಜನಕದ ಆಕ್ಸೈಡುಗಳ ನಿಯಂತ್ರಣ

ಕಡಲನ್ನು ನಂಬಿ ಬದುಕಿದ ಸಮುದಾಯಗಳ ಅರಿವು ಬಹುಮಟ್ಟಿಗೆ ಇಂದ್ರಿಯಾನುಭವದಿಂದ ರೂಪುಗೊಂಡದ್ದು. ಮೋಡದ ಬಣ್ಣ, ನೀರಿನ ಸೆಳೆತ, ಗಾಳಿಯ ದಿಕ್ಕುಗಳನ್ನು ಕಂಡು ಮುಂದಾಗುವುದನ್ನು ಊಹಿಸುವುದು ಅದರ ಕ್ರಮ. ಹಾಯಿಯ ಕಾಲ ಮುಗಿದು ಯಂತ್ರದ ಕಾಲ ಬಂದ ಮೇಲೂ ಈ ಕ್ರಮ ಪೂರ್ಣವಾಗಿ ಅಳಿಯಲಿಲ್ಲ. ಕೊಳವೆಯಿಂದೇಳುವ ಹೊಗೆಯ ಬಣ್ಣ ನೋಡಿ ಎಂಜಿನ್ನಿನ ಸ್ಥಿತಿಯನ್ನು ಹೇಳುವುದು ಯಂತ್ರಕೋಣೆಯವರ ಅನುಭವಜ್ಞಾನವಾಯಿತು. ಆದರೆ ಡೀಸೆಲ್ ಎಂಜಿನ್ನು ಹೊರಬಿಡುವ ಸಾರಜನಕದ ಆಕ್ಸೈಡುಗಳು ಈ ಅರಿವಿಗೆ ಎಟುಕದೆ ಉಳಿದವು. ಅವುಗಳ ನಿಯಂತ್ರಣದ ಇತಿಹಾಸವೆಂದರೆ, ಕಾಣದ ಕೇಡೊಂದನ್ನು ಅಳತೆ ಮತ್ತು ಕಟ್ಟಳೆಗಳ ಮೂಲಕ ಕಾಣುವಂತೆ ಮಾಡಿದ ಪ್ರಯತ್ನದ ಇತಿಹಾಸ.

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ್ದು 1897ರಲ್ಲಿ. 1912ರಲ್ಲಿ ಕೋಪನ್‌ಹೇಗನ್ನಿನಿಂದ ಹೊರಟ ‘ಸೆಲಾಂಡಿಯಾ’ ಎಂಬ ಹಡಗು ಡೀಸೆಲ್ ಬಲದಿಂದ ದೂರದ ಬ್ಯಾಂಕಾಕಿಗೆ ಪಯಣಿಸಿತು. ಉಗಿಹಡಗುಗಳಿಗಿದ್ದಂತಹ ಹೊಗೆಕೊಳವೆ ಅದಕ್ಕಿರಲಿಲ್ಲ. ಸುಟ್ಟ ಅನಿಲವನ್ನು ಪಟಸ್ತಂಭದ ಮೂಲಕ ಹೊರಬಿಡಲಾಗುತ್ತಿತ್ತು. ಹೊಗೆ ಕಾಣದ ಹಡಗು ನಿರ್ಮಲವಾದುದೆಂದು ತೋರಿದುದು ಸಹಜ. ವಾಸ್ತವ ಬೇರೆಯಾಗಿತ್ತು. ಗಾಳಿಯಲ್ಲಿ ಶೇಕಡಾ 78ರಷ್ಟಿರುವ ಸಾರಜನಕವು ಸಾಮಾನ್ಯ ಉಷ್ಣತೆಯಲ್ಲಿ ಜಡವಾದುದು. ಉರಿಯ ತಾಪವು ಸುಮಾರು 1500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಆಮ್ಲಜನಕದೊಡನೆ ವೇಗವಾಗಿ ಕೂಡುತ್ತದೆ. ಈ ಕ್ರಿಯೆಯ ಬಗೆಯನ್ನು ಸೋವಿಯತ್ ವಿಜ್ಞಾನಿ ಯಾಕೊವ್ ಜೆಲ್ಡೊವಿಚ್ 1940ರ ದಶಕದಲ್ಲಿ ವಿವರಿಸಿದರು. ಉರಿ ಪ್ರಖರವಾದಷ್ಟೂ ಎಣ್ಣೆ ಉಳಿಯುತ್ತದೆ, ಮಸಿ ಕಡಿಮೆಯಾಗುತ್ತದೆ, ಸಾರಜನಕದ ಆಕ್ಸೈಡು ಹೆಚ್ಚುತ್ತದೆ. ಯಂತ್ರಕುಶಲತೆಯ ಗುಣವೆಂದು ಮೆಚ್ಚಿದ್ದೇ ದೋಷದ ಮೂಲವೂ ಆಗಿತ್ತು. ಶ್ವಾಸಕೋಶದ ಬಾಧೆ, ನೆಲಮಟ್ಟದ ಓಜೋನು, ಆಮ್ಲಮಳೆ, ಬಾಲ್ಟಿಕ್‌ನಂತಹ ಒಳಗಡಲುಗಳಲ್ಲಿ ಪಾಚಿಯ ಅತಿಬೆಳವಣಿಗೆ ಇವು ಅದರ ಪರಿಣಾಮಗಳು.

ಪರಿಹಾರದ ಮಾರ್ಗಗಳು ಹಲವು. ಎಣ್ಣೆ ಚಿಮ್ಮಿಸುವುದನ್ನು ತಡಮಾಡುವುದು ಸುಲಭ, ಆದರೆ ಎಣ್ಣೆಯ ಖರ್ಚು ಹೆಚ್ಚುತ್ತದೆ. ಸುಟ್ಟ ಅನಿಲದ ಒಂದು ಪಾಲನ್ನು ತಂಪುಗೊಳಿಸಿ ಮತ್ತೆ ಎಂಜಿನ್ನಿಗೆ ಕಳುಹಿಸಿದರೆ ಉರಿಯ ತಾಪ ತಗ್ಗುತ್ತದೆ. ಯೂರಿಯಾ ದ್ರಾವಣದಿಂದ ಹುಟ್ಟುವ ಅಮೋನಿಯಾವನ್ನು ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ ಆಕ್ಸೈಡುಗಳು ಸಾರಜನಕ ಮತ್ತು ನೀರಾಗಿ ಒಡೆಯುತ್ತವೆ. ಈ ಕೊನೆಯ ವಿಧಾನವನ್ನು 1990ರ ಆಸುಪಾಸಿನಲ್ಲಿಯೇ ಕೊರಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ಉಕ್ಕು ಸಾಗಿಸುವ ಹಡಗುಗಳಲ್ಲಿ ಅಳವಡಿಸಲಾಗಿತ್ತು. ಉಪಾಯ ತಿಳಿದಿತ್ತು; ವ್ಯಾಪಕ ಕಟ್ಟಳೆ ಬಂದದ್ದು ತಡವಾಗಿ.

ಹಡಗು ಮಾಲಿನ್ಯ ತಡೆಯ ಅಂತರರಾಷ್ಟ್ರೀಯ ಒಪ್ಪಂದವಾದ ಮಾರ್ಪೋಲ್‌ಗೆ ಆರನೆಯ ಅನುಬಂಧವನ್ನು ಸೇರಿಸಿದ್ದು 1997ರಲ್ಲಿ. ಅದು ಜಾರಿಗೆ ಬಂದದ್ದು 2005ರ ಮೇ 19ರಂದು. ನಿಧಾನಗತಿಯ ದೊಡ್ಡ ಎಂಜಿನ್ನುಗಳಿಗೆ ಕಿಲೋವ್ಯಾಟ್ ಗಂಟೆಗೆ 17 ಗ್ರಾಂ ಎಂಬುದು ಮೊದಲ ಹಂತದ ಮಿತಿ. 2011ರಿಂದ ಕಟ್ಟಿದ ಹಡಗುಗಳಿಗೆ ಅದು 14.4 ಗ್ರಾಂ ಆಯಿತು. ಮೂರನೆಯ ಹಂತದ 3.4 ಗ್ರಾಂ ಮಿತಿಯು ನಿಯೋಜಿತ ಕಡಲುಗಳಲ್ಲಿ ಮಾತ್ರ ಅನ್ವಯಿಸುತ್ತದೆ: ಉತ್ತರ ಅಮೆರಿಕದ ಕರಾವಳಿಯಲ್ಲಿ 2016ರಿಂದ, ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳಲ್ಲಿ 2021ರಿಂದ ಕಟ್ಟಿದ ಹಡಗುಗಳಿಗೆ.

ಇಲ್ಲಿ ಗಮನಾರ್ಹವಾದ ಅಂಶವೊಂದಿದೆ. ಹಡಗು ಯಾವಾಗಿನದೆಂಬುದನ್ನು ಕಟ್ಟಳೆಯು ನಿರ್ಧರಿಸುವುದು ಅದರ ಬೆನ್ನೆಲುಬಿನಂತಿರುವ ತಳದ ಕೀಲನ್ನು ಇರಿಸಿದ ದಿನದಿಂದ. ಹಡಗು ಕಟ್ಟುವವರಲ್ಲಿ ಇದು ಆಚರಣೆಯ ದಿನವೂ ಹೌದು. ಶುಭಕ್ಕಾಗಿ ಕೀಲಿನಡಿಯಲ್ಲಿ ನಾಣ್ಯವಿಡುವ ರೂಢಿ ಹಲವು ಹಡಗುಕಟ್ಟೆಗಳಲ್ಲಿ ಉಳಿದಿದೆ. ಆ ಶುಭದಿನವೇ ಕಾನೂನಿನ ಗಡಿಯಾದಾಗ, ಗಡುವಿಗೆ ಮುನ್ನವೇ ಕೀಲಿರಿಸಿ ಹೊಸ ಮಿತಿಯಿಂದ ಪಾರಾಗುವ ದಾರಿ ತೆರೆಯಿತು. ಎರಡನೆಯ ಕೊರತೆ ಅಳತೆಯದು. ಹಡಗನ್ನು ನೂಕುವ ಎಂಜಿನ್ನನ್ನು ಪರೀಕ್ಷಿಸುವುದು ಅದರ ಬಲದ ಶೇಕಡಾ 25, 50, 75 ಮತ್ತು 100ರ ಹಂತಗಳಲ್ಲಿ. ಬಂದರನ್ನು ಸಮೀಪಿಸುವ ಹಡಗು ಇದಕ್ಕಿಂತಲೂ ಕಡಿಮೆ ಬಲದಲ್ಲಿ ಚಲಿಸಬಹುದು. ಆಗ ಸುಟ್ಟ ಅನಿಲ ಸಾಕಷ್ಟು ಬಿಸಿಯಾಗಿರದೆ ಕ್ರಿಯಾವರ್ಧಕ ಸರಿಯಾಗಿ ಕೆಲಸ ಮಾಡುವುದಿಲ್ಲ. ಜನವಸತಿ ಹತ್ತಿರವಿರುವೆಡೆಯಲ್ಲಿಯೇ ರಕ್ಷಣೆ ಸಡಿಲವಾಗುತ್ತದೆ.

ಮೂರನೆಯ ಕೊರತೆ ಭೂಗೋಳದ್ದು. ಅರಬ್ಬೀ ಸಮುದ್ರವು ನಿಯೋಜಿತ ಕಡಲುಗಳ ಪಟ್ಟಿಯಲ್ಲಿಲ್ಲ. ಉತ್ತರ ಸಮುದ್ರದಲ್ಲಿ ಕ್ರಿಯಾವರ್ಧಕವನ್ನು ನಡೆಸಲೇಬೇಕಾದ ಹಡಗು, ಪಣಂಬೂರಿನ ನವಮಂಗಳೂರು ಬಂದರಿಗೆ ಬರುವಾಗ ಅದನ್ನು ನಿಲ್ಲಿಸಿದರೂ ಅಂತರರಾಷ್ಟ್ರೀಯ ಕಟ್ಟಳೆ ಮುರಿದಂತಾಗುವುದಿಲ್ಲ. ಯಂತ್ರ ಅದೇ, ಯೂರಿಯಾದ ತೊಟ್ಟಿಯೂ ಅದೇ. ಬದಲಾಗುವುದು ತೀರ ಮಾತ್ರ.

ಹೀಗೆ, ಸಾರಜನಕದ ಆಕ್ಸೈಡುಗಳ ನಿಯಂತ್ರಣವು ಕೇವಲ ಯಂತ್ರವಿದ್ಯೆಯ ಪ್ರಗತಿಯ ಕಥನವಲ್ಲ. ಕಣ್ಣಿಗೆ ಕಾಣದುದನ್ನು ಅಳೆಯಲು ವಿಜ್ಞಾನ ಕಲಿಸಿತು. ಯಾರ ಉಸಿರಿನ ಸಲುವಾಗಿ ಅಳೆಯಬೇಕೆಂಬುದನ್ನು ಮಾತ್ರ ರಾಷ್ಟ್ರಗಳ ಒಪ್ಪಂದಗಳು ನಿರ್ಣಯಿಸುತ್ತ ಬಂದಿವೆ. ಕಡಲತೀರದ ಜನಜೀವನವನ್ನು ಅಧ್ಯಯನ ಮಾಡುವವರು ಹಾಡು, ಆಚರಣೆ, ನಂಬಿಕೆಗಳೊಂದಿಗೆ ಆ ಜನ ಉಸಿರಾಡುವ ಗಾಳಿಯ ಚರಿತ್ರೆಯನ್ನೂ ದಾಖಲಿಸುವುದು ಅಗತ್ಯವೆಂಬುದನ್ನು ಈ ಇತಿಹಾಸ ಸೂಚಿಸುತ್ತದೆ.